ಆಕಾಶದ ಕಾವಲುಗಾರ್ತಿ

‘ಬಿ.ಎ. ಓದುವವನಿಗೆ ಆಕಾಶದ ಗೊಡವೆಯೇಕೆ?’ ಎಂದು ಮಿತ್ರರು ನನ್ನನ್ನು ಹಾಸ್ಯ ಮಾಡುವುದುಂಟು. ಅವರಿಗೆ ಉತ್ತರವಾಗಿ ಅಮೆರಿಕದ ಕೆರೊಲಿನ್ ಶೂಮೇಕರ್ ಎಂಬ ಮಹಿಳೆಯ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಗ್ರಹಗಳಲ್ಲದೆ ಲಕ್ಷಾಂತರ ಶಿಲಾಖಂಡಗಳೂ ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಹೆಚ್ಚಿನವು ಮಂಗಳ ಮತ್ತು ಗುರುಗ್ರಹಗಳ ನಡುವೆ ಇದ್ದರೂ ಕೆಲವು ಭೂಮಿಯ ಸಮೀಪಕ್ಕೂ ಬರುತ್ತವೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ ಸುಮಾರು 20 ಮೀಟರ್ ಅಗಲದ ಇಂಥ ಒಂದು ಬಂಡೆ ಆಕಾಶದಲ್ಲಿಯೇ ಸಿಡಿದಾಗ, ಕಿಟಕಿಗಳ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಬರುವುದನ್ನು ಮೊದಲೇ ಕಂಡುಕೊಂಡರೆ ಮಾತ್ರ ಇಂಥ ಅಪಾಯಕ್ಕೆ ಪರಿಹಾರವನ್ನು ಯೋಚಿಸಲು ಸಾಧ್ಯ.

1929ರಲ್ಲಿ ಜನಿಸಿದ ಕೆರೊಲಿನ್ ಕಾಲೇಜಿನಲ್ಲಿ ಓದಿದ್ದು ಇತಿಹಾಸ, ರಾಜ್ಯಶಾಸ್ತ್ರ ಮತ್ತು ಸಾಹಿತ್ಯ. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. 1951ರಲ್ಲಿ ಭೂವಿಜ್ಞಾನಿ ಯೂಜೀನ್ ಶೂಮೇಕರ್ ಅವರನ್ನು ವಿವಾಹವಾಗಿ ಮೂವರು ಮಕ್ಕಳನ್ನು ಬೆಳೆಸಿದರು. ಅರಿಜೋನಾದ ಬೃಹತ್ ಕುಳಿ ಆಕಾಶದಿಂದ ಬಿದ್ದ ಬಂಡೆಯಿಂದಲೇ ಆದುದೆಂದು ಸಾಧಿಸಿ ತೋರಿಸಿದವರು ಯೂಜೀನ್. ಮಕ್ಕಳು ದೊಡ್ಡವರಾದ ಮೇಲೆ, ತಮ್ಮ 51ನೆಯ ವಯಸ್ಸಿನಲ್ಲಿ ಕೆರೊಲಿನ್ ಪತಿಯ ಶೋಧನೆಯಲ್ಲಿ ಜೊತೆಗೂಡಿದರು.

ಅವರ ಕಾರ್ಯವಿಧಾನ ಹೀಗಿತ್ತು: ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ದೂರದರ್ಶಕದಿಂದ ಆಕಾಶದ ಒಂದೇ ಭಾಗದ ಎರಡು ಛಾಯಾಚಿತ್ರಗಳನ್ನು ಸ್ವಲ್ಪ ಹೊತ್ತಿನ ಅಂತರದಲ್ಲಿ ತೆಗೆಯುವುದು, ಬಳಿಕ ಒಂದನ್ನು ಎಡಗಣ್ಣಿಗೆ, ಇನ್ನೊಂದನ್ನು ಬಲಗಣ್ಣಿಗೆ ಕಾಣಿಸುವ ಸೂಕ್ಷ್ಮದರ್ಶಕದಲ್ಲಿ ಅವನ್ನು ಒಟ್ಟಿಗೆ ನೋಡುವುದು. ಆಗ ನಕ್ಷತ್ರಗಳು ಸ್ಥಿರವಾಗಿದ್ದು, ಚಲಿಸಿದ ಚುಕ್ಕೆ ಮಾತ್ರ ಅವುಗಳಿಂದ ಮೇಲೆದ್ದಂತೆ ಕಾಣುವುದು. ತಾಳ್ಮೆಯೇ ಇದಕ್ಕೆ ಬೇಕಾದ ಮೊದಲ ಅರ್ಹತೆ. ಹೀಗೆ ಅವರು 32 ಧೂಮಕೇತುಗಳನ್ನೂ 500ಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನೂ ಕಂಡುಹಿಡಿದರು.

1993ರ ಮಾರ್ಚಿಯಲ್ಲಿ ಈ ದಂಪತಿಗಳೂ ಡೇವಿಡ್ ಲೆವಿಯವರೂ ಸೇರಿ, ಗುರುಗ್ರಹವನ್ನು ಸುತ್ತುತ್ತಿದ್ದ ಒಡೆದ ಧೂಮಕೇತುವೊಂದನ್ನು ಪತ್ತೆಮಾಡಿದರು. 1994ರ ಜುಲೈಯಲ್ಲಿ ಅದರ ತುಂಡುಗಳು ಗುರುವಿಗೆ ಅಪ್ಪಳಿಸಿದವು. ಅಲ್ಲಿ ಉಂಟಾದ ಒಂದು ಕಪ್ಪು ಕಲೆ ನಮ್ಮ ಭೂಮಿಯಷ್ಟೇ ಅಗಲವಾಗಿತ್ತು! ಇಂಥ ಆಘಾತಗಳು ಕೇವಲ ಗತಕಾಲದ ಕಥೆಯಲ್ಲವೆಂದು ಲೋಕಕ್ಕೆ ಮನದಟ್ಟಾಯಿತು.

1997ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಕಾರು ಅಪಘಾತದಲ್ಲಿ ಯೂಜೀನ್ ತೀರಿಕೊಂಡರು. ಗಾಯಗೊಂಡ ಕೆರೊಲಿನ್ ಚೇತರಿಸಿಕೊಂಡು ಕೆಲಸ ಮುಂದುವರಿಸಿದರು. 2022ರಲ್ಲಿ ‘ಡಾರ್ಟ್’ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದು, ಅದರ ಪರಿಭ್ರಮಣ ಕಾಲವನ್ನು ಅರ್ಧ ಗಂಟೆಗೂ ಮಿಗಿಲಾಗಿ ತಗ್ಗಿಸಿತು. ಅದನ್ನು ನೋಡಲು ಕೆರೊಲಿನ್ ಇರಲಿಲ್ಲ. 2021ರಲ್ಲಿ ಅವರು ನಿಧನರಾಗಿದ್ದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಲಾ ವಿಭಾಗಕ್ಕೆ ಸೇರಿದ ದಿನವೇ ವಿಜ್ಞಾನದ ಬಾಗಿಲು ನನಗೆ ಮುಚ್ಚಿತೆಂದು ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಓದುವುದು ಬಹಳವಿದೆ.