ಒನಕೆಯೂ ಕಾಣಬೇಕು, ಕಿಂಡಿಯೂ ಕಾಣಬೇಕು

ಪ್ರಶ್ನೆ: ನಮ್ಮ ತಂದೆಯವರು ಹುಡುಗರಾಗಿದ್ದಾಗ ‘ನಾಗರಹಾವು’ ನೋಡಿ ಹುಚ್ಚು ಹಿಡಿಸಿಕೊಂಡವರು. ಮೊನ್ನೆ ಅವರನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅವತ್ತಿನಿಂದ ಮತ್ತೆ ಆ ಸಿನಿಮಾ ನೋಡಬೇಕು ಅಂತ ಒಂದೇ ಹಟ. ಮನೆಯಲ್ಲಿ ಹಳೆಯ ವಿಸಿಡಿ ಇದೆ. ಡಿವಿಡಿ ಕೊಡ್ತೀನಿ ಅಂತ ಒಬ್ಬರು, 2018ರಲ್ಲಿ ಬಂದ ಸಿನಿಮಾಸ್ಕೋಪ್ ಥರದ್ದೇ ಚೆನ್ನ ಅಂತ ಇನ್ನೊಬ್ಬರು. ಮೊಬೈಲಿನಲ್ಲಿ ಒಂದೊಂದು ಕಡೆ ಒಂದೊಂದು ನಮೂನೆ. ಯಾವುದನ್ನು ಇಟ್ಟುಕೊಳ್ಳಲಿ?
– ಓದುಗರೊಬ್ಬರು, ಉಜ್ಜಿನಿ, ಕೊಟ್ಟೂರು ತಾಲ್ಲೂಕು

ಉತ್ತರ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಅನ್ನುವುದು ನಿಮ್ಮ ಸೀಮೆಯದೇ ಮಾತು. ಡಿಸ್ಕು ಕೊಳ್ಳುವವರು ಉಜ್ಜಿನಿಯ ಪಕ್ಷ ಹಿಡಿಯಬೇಕು. ಕವರಿನ ಮೇಲೆ ‘ಡಿಜಿಟಲ್’ ಎಂದು ಬರೆಸಲು ಖರ್ಚೇನೂ ಇಲ್ಲ.

ಮೊದಲು ಹೆಸರಿನ ವಿಷಯ. ‘ನಾಗರಹಾವು’ ಅಂತ ಕೇಳಿದರೆ ಅಂಗಡಿಯವರು ಮೂರು ಸಿನಿಮಾ ಕೊಡಬಹುದು. 2002ರದು ಉಪೇಂದ್ರ–ಜ್ಯೋತಿಕಾ ಅವರದು, ಹಿಂದಿಯ ‘ಬಾಜಿಗರ್’ ಕಥೆ. 2016ರದು ಕೋಡಿ ರಾಮಕೃಷ್ಣ ನಿರ್ದೇಶನದ್ದು. ಅದರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದರಿಂದ ಪೋಸ್ಟರಿನಲ್ಲೂ ಅವರೇ ಇದ್ದಾರೆ. ಆತುರದಲ್ಲಿ ಕೊಂಡರೆ ಮೋಸ ಹೋಗುವುದು ಇಲ್ಲೇ. ನಿಮ್ಮ ತಂದೆಯವರಿಗೆ ಬೇಕಾದದ್ದು ಪುಟ್ಟಣ್ಣ ಕಣಗಾಲರು ತರಾಸು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ 1972ರ ಚಿತ್ರ. ಕವರಿನಲ್ಲಿ ಆರತಿ, ಶುಭಾ, ಕೆ.ಎಸ್. ಅಶ್ವತ್ಥ್ ಹೆಸರುಗಳನ್ನು ಹುಡುಕಿ, ಸಂಗೀತ ವಿಜಯಭಾಸ್ಕರ್ ಅಂತ ಇರಬೇಕು.

ಇನ್ನು ನಿಜವಾದ ಪ್ರಶ್ನೆ. 2018ರ ಜುಲೈನಲ್ಲಿ ಈ ಚಿತ್ರವನ್ನು ಬಣ್ಣ ತಿದ್ದಿ, ಸಿನಿಮಾಸ್ಕೋಪ್ ಅಗಲಕ್ಕೆ ತಂದು, 7.1 ಧ್ವನಿ ಕೂಡಿಸಿ ಮತ್ತೆ ತೆರೆಗೆ ತಂದರು. ಥಿಯೇಟರಿನಲ್ಲಿ ಶಿಳ್ಳೆ ಹೊಡೆಯುವವರ ನಡುವೆ ಕೂತು ನೋಡಲು ಅದು ಹಬ್ಬವೇ, ಅನುಮಾನವಿಲ್ಲ. ಆದರೆ 1972ರಲ್ಲಿ ಕನ್ನಡಕ್ಕೆ ಸ್ಕೋಪ್ ಬಂದೇ ಇರಲಿಲ್ಲ. ಕನ್ನಡದ ಮೊದಲ ಸಿನಿಮಾಸ್ಕೋಪ್ ‘ಸೊಸೆ ತಂದ ಸೌಭಾಗ್ಯ’, 1977ರದು. ಅದರ ನಾಯಕರೂ ವಿಷ್ಣುವರ್ಧನ್ ಅವರೇ. ಪುಟ್ಟಣ್ಣನವರು ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟಾಗ ಕಂಡಿದ್ದು ಹೆಚ್ಚುಕಡಿಮೆ ಹಳೆಯ ಡಬ್ಬಾ ಟೀವಿಯ ಆಕಾರದ ಚೌಕಟ್ಟು: ಎತ್ತರ 1 ಇದ್ದರೆ ಅಗಲ 1.37. ಸ್ಕೋಪಿನಲ್ಲಿ ಅಗಲ 2.35. ಹಳೆಯ ಚಿತ್ರವನ್ನು ಇಷ್ಟು ಅಗಲ ಮಾಡಲು ಎರಡೇ ದಾರಿ. ಅಡ್ಡಕ್ಕೆ ಎಳೆದರೆ ಅಶ್ವತ್ಥರ ಚಾಮಯ್ಯ ಮೇಷ್ಟ್ರು ಊದಿಕೊಂಡಂತೆ ಕಾಣುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ನೂರರಲ್ಲಿ ಸುಮಾರು 42 ಪಾಲು ಚಿತ್ರ ಹೋಗುತ್ತದೆ. ಈಗಿನ ಅಗಲ ಟೀವಿಗೆ ಹೊಂದಿಸಲು ಬರಿ 16:9 ಮಾಡಿದರೂ ನೂರಕ್ಕೆ 23 ಪಾಲು ಕತ್ತರಿಗೆ ಬೀಳುತ್ತದೆ.

ನಿಮ್ಮೂರ ಮರುಳಸಿದ್ಧೇಶ್ವರನ ಜಾತ್ರೆಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುತ್ತಾರಲ್ಲ, ಆ ಹೊತ್ತಿನಲ್ಲಿ ಮೊಬೈಲನ್ನು ಹೇಗೆ ಹಿಡಿಯುತ್ತೀರಿ? ಉದ್ದಕ್ಕೆ ತಾನೆ? ಅಡ್ಡ ಹಿಡಿದರೆ ಒಂದೋ ಎಣ್ಣೆ ಎರೆಯುವವರು ಸಿಗುತ್ತಾರೆ, ಇಲ್ಲವೇ ಕೆಳಗೆ ನಿಂತ ಜನ. ಚಿತ್ರದುರ್ಗದ ಕೋಟೆಯೂ ಹಾಗೆಯೇ, ಮೇಲಕ್ಕೆ ಬೆಳೆದ ಜಾಗ. ಬಂಡೆಯ ಮೇಲೆ ಬಂಡೆ, ಅದರ ನೆತ್ತಿಯಲ್ಲಿ ಒಂಟಿಯಾಗಿ ನಿಂತ ನಾಯಕ ರಾಮಾಚಾರಿ. ಅವನ ಸಿಟ್ಟಿಗೂ ಆ ಎತ್ತರಕ್ಕೂ ಸಂಬಂಧವಿದೆ, ಕಥೆ ಮುಗಿಯುವುದೂ ಆ ಎತ್ತರದಲ್ಲೇ. ಹಾಗಾಗಿ ಬೇರೆ ಯಾವುದೋ ಸಾಂಸಾರಿಕ ಚಿತ್ರವಾಗಿದ್ದರೆ ನಾನು ಇಷ್ಟು ಜಗಳ ತೆಗೆಯುತ್ತಿರಲಿಲ್ಲ. ಈ ಚಿತ್ರದಲ್ಲಿ ಎತ್ತರ ಕಡಿದರೆ ಕೋಟೆಯನ್ನೇ ಕಡಿದ ಹಾಗೆ.

ಪರೀಕ್ಷೆಗೆ ಜಯಂತಿಯವರು ಓಬವ್ವನಾಗಿ, ಕಿಂಡಿಯಲ್ಲಿ ನುಸುಳುವ ಶತ್ರುಗಳನ್ನು ಒನಕೆಯಿಂದ ಬಡಿಯುವ ಹಾಡಿನ ಭಾಗವನ್ನು ಹಾಕಿ ನೋಡಿ. ಕಿಂಡಿ ನೆಲಮಟ್ಟದಲ್ಲಿ, ಒನಕೆ ತಲೆಯ ಮೇಲೆ. ಒಂದೇ ದೃಶ್ಯದಲ್ಲಿ ಎರಡಕ್ಕೂ ಜಾಗ ಇದೆಯೋ, ಒನಕೆಯ ತುದಿಯೋ ಹೆಂಗಸಿನ ಪಾದವೋ ಚೌಕಟ್ಟಿನಿಂದ ಆಚೆ ಹೋಗಿದೆಯೋ ಗಮನಿಸಿ. ಇನ್ನೊಂದು ಉಪಾಯವೂ ಇದೆ. ಹತ್ತು ಹನ್ನೊಂದು ನಿಮಿಷಕ್ಕೊಮ್ಮೆ, ರೀಲು ಮುಗಿಯುವ ಹೊತ್ತಿಗೆ, ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮರೆಯಾಗುವುದನ್ನು ನೋಡಿರಬಹುದು. ಮುಂದಿನ ಪ್ರೊಜೆಕ್ಟರ್ ಚಾಲೂ ಮಾಡು ಎಂದು ಆಪರೇಟರಿಗೆ ಕೊಡುವ ಸೂಚನೆ ಅದು. ನಮ್ಮಲ್ಲಿ ಅನೇಕರು ಅದನ್ನು ಪ್ರಿಂಟಿನ ಕೊಳೆ ಅಂದುಕೊಂಡಿದ್ದೇವೆ. ನಿಮ್ಮ ಪ್ರತಿಯಲ್ಲಿ ಆ ಚುಕ್ಕೆ ಇಡಿಯಾಗಿ ಕಂಡರೆ ಸಂತೋಷಪಡಿ: ಚಿತ್ರದ ಮೇಲಂಚು ಉಳಿದಿದೆ. ಮೂಲ ನೆಗೆಟಿವ್‌ನಿಂದಲೇ ತೆಗೆದ ಪ್ರತಿಯಲ್ಲಿ ಸಾಮಾನ್ಯವಾಗಿ ಚುಕ್ಕೆ ಇರುವುದಿಲ್ಲ, ಅದು ಇನ್ನೂ ಒಳ್ಳೆಯದು.

ಮುಂದೆ ಉದ್ದ. ಒಂದು ವಿಸಿಡಿಯಲ್ಲಿ ಹಿಡಿಸುವುದು 74 ನಿಮಿಷ, ತುರುಕಿದರೆ 80. ಎರಡೇ ಡಿಸ್ಕಿನ ಸೆಟ್ಟಾದರೆ 160 ನಿಮಿಷ ದಾಟಲು ಸಾಧ್ಯವಿಲ್ಲ. ಮೂರು ಕಾದಂಬರಿ ನುಂಗಿದ ಚಿತ್ರ ಅಷ್ಟರಲ್ಲಿ ಮುಗಿದರೆ ಎಲ್ಲೋ ಕತ್ತರಿ ಆಡಿದೆ ಅಂತಲೇ ಅನುಮಾನಿಸಬೇಕು. ಜಾತ್ರೆಯೊಂದರಲ್ಲಿ ನಾನು ಕೊಂಡ ಇನ್ನೊಂದು ಹಳೆಯ ಚಿತ್ರದ ಸೆಟ್ಟಿನಲ್ಲಿ ಎರಡನೇ ಡಿಸ್ಕು ಹಾಡಿನ ನಡುವೆಯೇ ಶುರುವಾಗುತ್ತಿತ್ತು, ಪಲ್ಲವಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಪೂರ್ತಿ ಉದ್ದ ತಿಳಿಯಬೇಕಾದರೆ ಶುರುವಿನಲ್ಲಿ ತೋರಿಸುವ ಸೆನ್ಸಾರ್ ಸರ್ಟಿಫಿಕೇಟಿನ ಹತ್ತಿರ ನಿಲ್ಲಿಸಿ. ಅಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಇರುತ್ತದೆ. 35 ಮಿಲಿಮೀಟರ್ ಫಿಲಂ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಸರ್ಟಿಫಿಕೇಟಿನಲ್ಲಿ 4,500 ಮೀಟರ್ ಎಂದಿದ್ದರೆ ಚಿತ್ರ ಸುಮಾರು 164 ನಿಮಿಷದ್ದು. ಭಾಗಿಸಿ, ನಿಮ್ಮ ಪ್ರತಿಯ ಜೊತೆ ತಾಳೆ ನೋಡಿ.

ಆದರೆ ಆರೇಳು ನಿಮಿಷ ಕಡಿಮೆ ಬಂದ ಮಾತ್ರಕ್ಕೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ‘ಪಾಲ್’ ಪದ್ಧತಿಯ ಡಿಸ್ಕಿನಲ್ಲಿ 25. ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. 164 ನಿಮಿಷದ ಚಿತ್ರ 157ಕ್ಕೆ ಬರುತ್ತದೆ, ಒಂದು ಮಾತೂ ಹೋಗಿರುವುದಿಲ್ಲ. ಹಾಡುಗಳಲ್ಲಿ ಪಿ.ಬಿ. ಶ್ರೀನಿವಾಸರ ದನಿ ಮಾತ್ರ ಒಂದು ಕೂದಲೆಳೆ ತೆಳುವಾಗಿ, ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ಕವರಿನ ಹಿಂದೆ ‘ಎನ್‌ಟಿಎಸ್‌ಸಿ’ ಎಂದಿದ್ದರೆ ಈ ತೊಂದರೆ ಇಲ್ಲ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಸಡಿಲ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ–ಹಸಿರು ಛಾಯೆ ಬೇಗ ಮಾಸಿ, ಕೊನೆಗೆ ಇಡೀ ಚಿತ್ರ ಕೆಂಪು ಮಣ್ಣಿನಲ್ಲಿ ಅದ್ದಿದ ಹಾಗಾಗುತ್ತದೆ. ಅಂಥ ಪ್ರಿಂಟಿನಿಂದ ಮಾಡಿದ ಡಿಸ್ಕಿನಲ್ಲಿ ದುರ್ಗದ ಬಂಡೆ ಇಟ್ಟಿಗೆಯಂತೆ ಕಂಡೀತು. 2018ರದರಲ್ಲಿ ಬಣ್ಣ ತಿದ್ದಿದ್ದು ಒಳ್ಳೆಯ ಕೆಲಸ, ಅಷ್ಟರ ಮಟ್ಟಿಗೆ ನಿಮ್ಮ ಗೆಳೆಯರ ಮಾತು ನಿಜ. ಆದರೂ ಮಾಸಿದ ಬಣ್ಣವನ್ನು ಟೀವಿಯ ರಿಮೋಟಿನಿಂದ ಒಂದಿಷ್ಟು ಸರಿಮಾಡಬಹುದು, ಕತ್ತರಿಸಿ ಬಿಸಾಡಿದ ಬಂಡೆಯನ್ನು ಯಾವ ರಿಮೋಟೂ ವಾಪಸ್ ತರುವುದಿಲ್ಲ. ಧ್ವನಿಯೂ ಹಾಗೆ. ಮೂಲದಲ್ಲಿ ಇದ್ದದ್ದು ಒಂದೇ ಜಾಡು. ಅದನ್ನು ಏಳೆಂಟು ಸ್ಪೀಕರಿಗೆ ಹಂಚುವ ಸಡಗರದಲ್ಲಿ ಮಾತಿನ ಮೈ ತೆಳ್ಳಗಾಗುವುದುಂಟು. ಅಶ್ವತ್ಥರ ಗದ್ಗದ ಸರಿಯಾಗಿ ಕೇಳಿಸುತ್ತದೆಯೇ ಅನ್ನುವುದೇ ನನ್ನ ಅಳತೆ.

ಇಷ್ಟೆಲ್ಲ ತಾಪತ್ರಯವಿಲ್ಲದೆ, ಮೂಲ ನೆಗೆಟಿವ್‌ನಿಂದ, ಮೂಲ ಆಕಾರದಲ್ಲಿ ಹಳೆಯ ಕನ್ನಡ ಚಿತ್ರವೊಂದನ್ನು ಉಳಿಸಿಕೊಳ್ಳಬಹುದು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಆ ಭಾಗ್ಯ ಬಂತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಜನಪ್ರಿಯ ಚಿತ್ರಗಳಿಗೂ ಅಂಥ ಉಪಚಾರ ಬೇಕು ಅನ್ನುವುದು ನನ್ನ ಹಳೆಯ ತಕರಾರು.

ಸರಿ, ತೀರ್ಪು. ಡಿವಿಡಿ ತೆಗೆದುಕೊಳ್ಳಿ, ಚಿತ್ರ ಚೌಕವಾಗಿ, ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟು ಕಾಣುವುದಾದರೆ ಮಾತ್ರ. ‘ಪಾಲ್’ ಪದ್ಧತಿಯಲ್ಲಿ ವಿಸಿಡಿಯ 352×288 ಚುಕ್ಕೆಗಳಿಗೆ ಎದುರಾಗಿ ಡಿವಿಡಿಯಲ್ಲಿ 720×576 ಇರುತ್ತವೆ, ಸುಮಾರು ನಾಲ್ಕು ಪಟ್ಟು. ಆ ವ್ಯತ್ಯಾಸ ನಿಧಾನಗತಿಯಲ್ಲಿ ತೆಗೆದ ಪ್ರೇಮಗೀತೆಯಲ್ಲಿ ಎದ್ದು ಕಾಣುತ್ತದೆ. ವಿಸಿಡಿಯಲ್ಲಾದರೆ ಆರತಿಯವರ ಸೆರಗು ಚೌಕಾಬಾರದ ಮನೆಗಳ ಹಾಗೆ ಒಡೆದುಹೋಗುತ್ತದೆ. ಡಿವಿಡಿ ಸಿಗದಿದ್ದರೆ, ಹಕ್ಕುಳ್ಳವರೇ ಹಾಕಿದ ಚೌಕ ಆಕಾರದ ಪ್ರತಿ ಮೊಬೈಲಿನಲ್ಲಿ ಇದ್ದರೆ ಅದನ್ನೇ ಟೀವಿಗೆ ಜೋಡಿಸಿ. ಸ್ಕೋಪಿನದು ಎರಡನೇ ಸಲ ನೋಡಲಿಕ್ಕೆ ಇರಲಿ. ಮನೆಯಲ್ಲಿರುವ ವಿಸಿಡಿಯನ್ನು ಎಸೆಯಬೇಡಿ. ಡಿವಿಡಿಯಲ್ಲಿ ಎಲ್ಲಾದರೂ ಮಾತು ಹಾರಿದ್ದರೆ ಅದರಲ್ಲಿ ಉಳಿದಿರಬಹುದು.

ತಂದೆಯವರನ್ನು ಕೂರಿಸುವ ಮೊದಲು ರಿಮೋಟಿನಲ್ಲಿ ‘ಪಿಕ್ಚರ್ ಸೈಜ್’ ಹುಡುಕಿ 4:3ಕ್ಕೆ ಇಡಿ. ಮನೆಯವರು ಯಾರಾದರೂ ಬಂದು ‘ಇದೇನು, ಎರಡೂ ಕಡೆ ಕಪ್ಪಗೆ ಬರ್ತಿದೆ’ ಅಂತ ಪರದೆ ತುಂಬಿಸಲು ನೋಡುತ್ತಾರೆ, ರಿಮೋಟ್ ನಿಮ್ಮ ಕೈಯಲ್ಲೇ ಇರಲಿ.