ಕೈಫೋನಿಗೆ ಲಿನಕ್ಸ್: ಮೆಮೊರಿ ಕಾರ್ಡನ್ನು ಸಿದ್ಧಗೊಳಿಸುವ ಕ್ರಮ

ಯಂತ್ರವು ದೊಡ್ಡದಿರಲಿ, ಅಂಗೈಯಲ್ಲಿ ಅಡಗುವಂಥದಿರಲಿ, ವಿದ್ಯುತ್ತು ಹರಿದ ಮಾತ್ರಕ್ಕೆ ಗಣಕವು ಕೆಲಸಕ್ಕೆ ತೊಡಗಲಾರದು. ಅದನ್ನು ನಡೆಸುವ ಕಾರ್ಯವ್ಯವಸ್ಥೆಯೊಂದು ಬೇಕು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್, ಅಂಥ ಅನೇಕ ವ್ಯವಸ್ಥೆಗಳ ತಿರುಳಾಗಿದೆ. 2020ರಲ್ಲಿ ಗ್ರಾಹಕರ ಕೈಸೇರತೊಡಗಿದ ಪೈನ್‌ಫೋನನ್ನು ನಿದರ್ಶನವಾಗಿಟ್ಟುಕೊಂಡು, ಲಿನಕ್ಸಿಗಾಗಿ ಮೆಮೊರಿ ಕಾರ್ಡನ್ನು ಸಿದ್ಧಗೊಳಿಸುವ ಕ್ರಮವನ್ನು ಇಲ್ಲಿ ವಿಚಾರ ಮಾಡೋಣ.

ಹಾಡಿನ ಕಡತವನ್ನು ನಕಲು ಮಾಡುವಂತೆ ಲಿನಕ್ಸಿನ ಕಡತವನ್ನೂ ಕಾರ್ಡಿಗೆ ನಕಲು ಮಾಡಿದರೆ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಸಾಲದು. ಕಾರ್ಡೆಂಬುದು ತಲಾ 512 ಬೈಟುಗಳ ಖಾನೆಗಳ ಉದ್ದನೆಯ ಸಾಲು. ಪೈನ್‌ಫೋನಿನ ಆಲ್‌ವಿನ್ನರ್ ಎ64 ಚಿಪ್ಪಿನಲ್ಲಿ ಅಚ್ಚಾಗಿರುವ ಪುಟ್ಟ ಆದೇಶಮಾಲೆಗೆ ಕಡತಗಳ ಹೆಸರು ತಿಳಿಯದು. ಅದು ಬಲ್ಲುದು ಸ್ಥಳವನ್ನು ಮಾತ್ರ. ಮನೆಯೊಡೆಯನ ಹೆಸರರಿಯದೆ ಬಾಗಿಲ ಸಂಖ್ಯೆಯನ್ನಷ್ಟೇ ಬಲ್ಲ ಅಂಚೆಯವನಂತೆ, ಅದು ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ದಾಟಿ, ಎಂದರೆ ಸೊನ್ನೆಯಿಂದ ಎಣಿಸಿದರೆ 16ನೆಯ ಖಾನೆಯಲ್ಲಿ, ಬೂಟ್‌ಲೋಡರನ್ನು ಮೊದಲಿಗೆ ಹುಡುಕುವುದು. ನಕಲು ಮಾಡಿದ ಕಡತವಾದರೋ ಬೇರೆಲ್ಲಿಯೋ ಹೋಗಿ ಕೂರುವುದು. ಆದುದರಿಂದ 'ಇಮೇಜ್' ಎಂಬ ಪಡಿಯಚ್ಚನ್ನು ಮೊದಲ ಖಾನೆಯಿಂದಲೇ ಅನುಕ್ರಮವಾಗಿ ಬರೆಯಬೇಕು.

ಮೊದಲನೆಯದಾಗಿ, ಇಳಿಸಿಕೊಂಡ ಇಮೇಜನ್ನು ಪರೀಕ್ಷಿಸಬೇಕು. ಪ್ರಕಟಿತವಾದ 64 ಅಂಕಾಕ್ಷರಗಳ ಶಾ-256 ಮೊತ್ತವೂ ನಮ್ಮ ಗಣಕವು ಲೆಕ್ಕ ಹಾಕಿದ ಮೊತ್ತವೂ ಒಂದೇ ಆಗಿರಬೇಕು. ಅನಂತರ, ಇಮೇಜು ಅದುಮಿಟ್ಟ ರೂಪದಲ್ಲಿದ್ದರೆ ಅದನ್ನು ಬಿಡಿಸಿಕೊಳ್ಳಬೇಕು.

ಎರಡನೆಯದು ಕಾರ್ಡಿನ ಗುರುತು. ಅತ್ಯಂತ ಎಚ್ಚರಿಕೆ ಬೇಕಾದುದು ಇಲ್ಲಿಯೇ. ಗಣಕದ ಸ್ವಂತ ಡಿಸ್ಕು 'ಎಸ್‌ಡಿಎ' ಎಂದೂ ಕಾರ್ಡು 'ಎಸ್‌ಡಿಬಿ' ಎಂದೂ ತೋರಬಹುದು. ಬರೆಯುವ 'ಡಿಡಿ' ಆದೇಶವು ಮರುಪ್ರಶ್ನೆ ಕೇಳದು. ಒಂದಕ್ಷರ ತಪ್ಪಿದರೆ ಸ್ವಂತ ಡಿಸ್ಕಿನ ಮೇಲೆಯೇ ಬರವಣಿಗೆ ಸಾಗಿ, ವರ್ಷಗಳ ಟಿಪ್ಪಣಿಗಳೂ ಪ್ರಬಂಧಗಳೂ ಅಳಿಯುವುವು. ಆದಕಾರಣ ಕಾರ್ಡನ್ನು ಸೇರಿಸುವ ಮೊದಲೊಮ್ಮೆ, ಸೇರಿಸಿದ ಮೇಲೊಮ್ಮೆ ಡಿಸ್ಕುಗಳ ಪಟ್ಟಿಯನ್ನು ನೋಡಬೇಕು. ಹೊಸದಾಗಿ ಕಂಡುದೇ ಕಾರ್ಡು. ಗಾತ್ರವನ್ನೂ ತಾಳೆ ನೋಡಬೇಕು. 32 ಗಿಗಾಬೈಟಿನ ಕಾರ್ಡು ಪಟ್ಟಿಯಲ್ಲಿ 30ಕ್ಕೆ ತುಸು ಕಡಮೆ ತೋರಿದರೆ ಗಾಬರಿ ಬೇಡ: ತಯಾರಕರು ಸಾವಿರದ ಲೆಕ್ಕದಲ್ಲಿಯೂ ಗಣಕವು 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ.

ಮೂರನೆಯದು ಬರವಣಿಗೆ. ಕಾರ್ಡಿನ ಹಳೆಯ ವಿಭಾಗಗಳು ಬಳಕೆಯಲ್ಲಿದ್ದರೆ ಮೊದಲು ಅವುಗಳನ್ನು ಬಿಡಿಸಬೇಕು. 'ಎಸ್‌ಡಿಬಿ1' ಎಂಬ ವಿಭಾಗಕ್ಕಲ್ಲ, 'ಎಸ್‌ಡಿಬಿ' ಎಂಬ ಇಡೀ ಕಾರ್ಡಿಗೇ ಬರೆಯಬೇಕು. ವಿಭಾಗದೊಳಗೆ ಬರೆದರೆ ಎಲ್ಲವೂ ಮುಂದಕ್ಕೆ ಸರಿದು, 16ನೆಯ ಖಾನೆಯಲ್ಲಿ ಬೂಟ್‌ಲೋಡರ್ ಇಲ್ಲದಂತಾಗುವುದು. ಬರವಣಿಗೆ ಮುಗಿದಂತೆ ಕಂಡರೂ ಕೆಲವು ಅಂಶಗಳು ಗಣಕದ ಸ್ಮೃತಿಯಲ್ಲಿಯೇ ಉಳಿದಿರಬಹುದು. 'ಸಿಂಕ್' ಆದೇಶವಿತ್ತು, ಅದು ಮುಗಿದ ಮೇಲೆಯೇ ಕಾರ್ಡನ್ನು ಹೊರತೆಗೆಯಬೇಕು.

ಇನ್ನು ಕಾರ್ಡನ್ನು ಫೋನಿಗಿಟ್ಟು ಚಾಲನೆ ಕೊಡಬಹುದು. ಪೈನ್‌ಫೋನು ತನ್ನೊಳಗಿನ ಸಂಗ್ರಹಕ್ಕಿಂತ ಮೊದಲು ಕಾರ್ಡನ್ನೇ ನೋಡುವುದು. ಹೊಸ ವ್ಯವಸ್ಥೆ ಹಿಡಿಸದಿದ್ದರೆ ಫೋನನ್ನು ಆರಿಸಿ ಕಾರ್ಡನ್ನು ತೆಗೆದರಾಯಿತು, ಹಳೆಯದು ಮರಳಿ ಏಳುವುದು. ವಿದ್ಯಾರ್ಥಿಗೆ ಇದೊಂದು ಅಮೂಲ್ಯವಾದ ಅನುಕೂಲ. ಬರೆಯುವಾಗ ಎಚ್ಚರವಿದ್ದವನು, ಬರೆದಾದ ಮೇಲೆ ನಿರ್ಭಯವಾಗಿ ಪ್ರಯೋಗ ಮಾಡಬಲ್ಲನು.