ಬಿದ್ದರೆ ಹೊಣೆ ಯಾರದ್ದು?

ಪ್ರಶ್ನೆ: ನನಗೆ 27 ವರ್ಷ. ಊರು ಶಿಡ್ಲಘಟ್ಟ, ಮನೆಯಲ್ಲಿ ರೇಷ್ಮೆ ರೀಲಿಂಗ್ ಕೆಲಸ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸ್ಕೇಟಿಂಗ್ ಕಲಿತೆ. ರೋಲರ್ ಡರ್ಬಿಯ ವಿಡಿಯೊಗಳನ್ನು ನೋಡಿ ಹುಚ್ಚು ಹತ್ತಿತು. ಈಗ ಊರಿನಲ್ಲೇ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಗೆಳತಿಯರೂ ಅವರ ತಂಗಿಯರೂ ಸೇರಿ ಹತ್ತೊಂಬತ್ತು ಜನ ಇದ್ದೇವೆ. ಊರಿಗೊಂದು ತಂಡ ಕಟ್ಟಿ ದಸರೆಗೆ ಪಂದ್ಯ ಆಡಬೇಕೆಂದು ಆಸೆ. ಹೋದ ತಿಂಗಳು ಒಬ್ಬ ಹುಡುಗಿ ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಅವಳಮ್ಮ ನಮ್ಮ ಮನೆ ಬಾಗಿಲಿಗೆ ಬಂದು, ‘ಕೈ ಸೊಟ್ಟಗಾದರೆ ಮದುವೆ ನೀನು ಮಾಡಿಸ್ತೀಯಾ?’ ಎಂದರು. ನನ್ನಮ್ಮನೂ ಅವರ ಪರವೇ. ಜೊತೆಗೆ ಆರಂಭಿಸಿದ ಗೆಳತಿ ಫೀಸು ಇಟ್ಟು ಕೋಚಿಂಗ್ ಕ್ಲಾಸ್ ಮಾಡೋಣ ಎನ್ನುತ್ತಾಳೆ. ಒಬ್ಬ ಮುಖಂಡರು ಬ್ಯಾನರಿನಲ್ಲಿ ತಮ್ಮ ಫೋಟೊ ಹಾಕುವುದಾದರೆ ಖರ್ಚೆಲ್ಲ ತಮ್ಮದು ಅನ್ನುತ್ತಾರೆ. ಎಲ್ಲ ನನ್ನ ತಲೆ ಮೇಲೆ ಬಂದಿದೆ, ರಾತ್ರಿ ನಿದ್ದೆ ಇಲ್ಲ. ಬಿಟ್ಟುಬಿಡಲೇ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಆ ಹುಡುಗಿಯ ಕೈ ಈಗ ಹೇಗಿದೆ ಎಂದು ನೀವು ಬರೆದಿಲ್ಲ. ದಸರೆ ಪಂದ್ಯ, ಮುಖಂಡರ ಫೋಟೊ, ಗೆಳತಿಯ ಫೀಸು ಎಲ್ಲವೂ ಪತ್ರದಲ್ಲಿವೆ. ಪ್ಲಾಸ್ಟರ್ ಬಿಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಚುಚ್ಚಲು ಹೇಳುತ್ತಿಲ್ಲ. ಒಬ್ಬರ ತಲೆಯ ಮೇಲೆ ಇಷ್ಟು ಹೊರೆ ಬಿದ್ದಾಗ ಮೊದಲು ಮರೆತುಹೋಗುವುದು ಮುಖ್ಯವಾದದ್ದೇ. ನಾಳೆಯೇ ಅವರ ಮನೆಗೆ ಹೋಗಿ. ಸಮಜಾಯಿಷಿ ಬೇಡ. ಎಕ್ಸ್‌ರೇಗೆ, ಔಷಧಿಗೆ ಎಷ್ಟು ಖರ್ಚಾಯಿತು ಎಂದು ಕೇಳಿ, ಹತ್ತೊಂಬತ್ತು ಜನರೂ ಹಂಚಿಕೊಂಡು ಕೊಡಿ. ನೀವೊಬ್ಬರೇ ಕೊಟ್ಟರೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಎಲ್ಲರೂ ಕೊಟ್ಟರೆ, ಇದೊಂದು ಸಂಘ, ಇದಕ್ಕೆ ಹೊಣೆಗಾರಿಕೆ ಇದೆ ಎಂದು ಆ ತಾಯಿಗೆ ಗೊತ್ತಾಗುತ್ತದೆ.

ನಿಮಗೆ ನಿದ್ದೆ ಬರದಿರುವುದಕ್ಕೆ ಆಟ ಕಾರಣವಲ್ಲ. ಹತ್ತೊಂಬತ್ತು ಜನ ಆಡುವ ಆಟಕ್ಕೆ ನೀವೊಬ್ಬರೇ ಒಡತಿಯಾಗಿ ಕೂತಿದ್ದೀರಿ. ಜಾಗ ಹುಡುಕುವವರು, ಕಲಿಸುವವರು, ಮನೆಮನೆಗೆ ಹೋಗಿ ಒಪ್ಪಿಸುವವರು, ಬೈಸಿಕೊಳ್ಳುವವರು ಎಲ್ಲ ನೀವೇ.

ಈ ಆಟದ ಚರಿತ್ರೆಯಲ್ಲೂ ಇದೇ ಗಂಟು ಬಿದ್ದಿತ್ತು. ರೋಲರ್ ಡರ್ಬಿ ಹುಟ್ಟಿದ್ದು 1935ರಲ್ಲಿ, ಷಿಕಾಗೊದಲ್ಲಿ. ಲಿಯೊ ಸೆಲ್ಟ್‌ಜರ್ ಎಂಬಾತ ಟಿಕೆಟ್ ಮಾರಿ ನಡೆಸಿದ ತಮಾಷೆ ಅದು. ಆಟಗಾರರು ಓಡುತ್ತಿದ್ದರು, ಒಡೆತನ ಮಾಲೀಕರದ್ದು. ದಶಕಗಳ ನಂತರ ಅದು ಸೊರಗಿತು. 2001ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕೆಲವು ಹೆಂಗಸರು ಮತ್ತೆ ಚಕ್ರ ಕಟ್ಟಿದರು. ಅವರನ್ನು ಮೊದಲು ಒಟ್ಟುಗೂಡಿಸಿದ ವ್ಯಕ್ತಿ ಬೇಗನೆ ಹೊರಗಾದ, ಲೀಗ್ ನಾಲ್ಕೈದು ಜನ ಮುಂದಾಳುಗಳ ಕೈಗೆ ಬಂತು. ಅಲ್ಲಿಗೂ ಜಗಳ ಮುಗಿಯಲಿಲ್ಲ. ಲೀಗನ್ನು ಹೇಗೆ ನಡೆಸಬೇಕು ಎಂಬ ವಿಷಯದಲ್ಲಿ ಮನಸ್ಸು ಒಡೆದು, 2003ರಲ್ಲಿ ಬಹುಪಾಲು ಆಟಗಾರ್ತಿಯರು ಎದ್ದು ಬಂದು ‘ಟೆಕ್ಸಾಸ್ ರೋಲರ್‌ಗರ್ಲ್ಸ್’ ಕಟ್ಟಿದರು. ಅದಕ್ಕೆ ಒಡೆಯರು ಆಡುವವರೇ. ದುಬಾರಿ ಇಳಿಜಾರು ಟ್ರ್ಯಾಕ್ ಬೇಡ, ಸಪಾಟಾದ ನೆಲ ಸಾಕು ಎಂದು ತೀರ್ಮಾನಿಸಿದರು. ಆ ದಾರಿ ಹಿಡಿದ ಲೀಗುಗಳು ಸೇರಿ 2004ರಿಂದ ಕಟ್ಟಿಕೊಂಡ ಒಕ್ಕೂಟವೇ ಇಂದು ಡಬ್ಲ್ಯುಎಫ್‌ಟಿಡಿಎ. ನೀವು ನೋಡಿದ ವಿಡಿಯೊಗಳಲ್ಲಿ ಹೆಚ್ಚಿನವು ಅದರ ನಿಯಮದ ಪಂದ್ಯಗಳೇ ಇರಬೇಕು. ಶಿಡ್ಲಘಟ್ಟಕ್ಕೂ ಆಸ್ಟಿನ್‌ಗೂ ಏನು ಸಂಬಂಧ ಎನ್ನಬೇಡಿ. ದುಡ್ಡು, ಗಾಯ, ಯಾರ ಮಾತು ನಡೆಯಬೇಕು ಎಂಬ ಮೂರು ಜಗಳ ಎಲ್ಲ ಊರಿನಲ್ಲೂ ಒಂದೇ.

ಹಾಗಾಗಿ ಮೊದಲ ಕೆಲಸ ಕಾಗದದ್ದು. ಬೇಸರದ ಕೆಲಸವೇ, ಆದರೆ ನಿದ್ದೆ ಬರಿಸುವುದು ಅದೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಏಳೂ ಜನ ಶಿಡ್ಲಘಟ್ಟದವರಾಗುವುದು ಬೇಡ, ನಾಲ್ಕು ಊರಿನವರೂ ಇರಲಿ. ನೀವು ಅಧ್ಯಕ್ಷರಾಗಲೇಬೇಡಿ. ತರಬೇತಿಯ ಹೊಣೆ ಮಾತ್ರ ಇಟ್ಟುಕೊಳ್ಳಿ. ಖಜಾಂಚಿ ಒಬ್ಬರು, ಸುರಕ್ಷತೆಗೆ ಒಬ್ಬರು, ಮನೆಯವರ ಜೊತೆ ಮಾತಾಡಲು ಒಬ್ಬರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಲೆಕ್ಕ ತೋರಿಸಿ, ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ತಪ್ಪಿಸಬೇಡಿ. ಉತ್ಸಾಹದಲ್ಲಿ ಹುಟ್ಟಿ ಕಡತದಲ್ಲಿ ಸತ್ತ ಸಂಘಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಸಾರ್ವಜನಿಕ ವಲಯದ ವಿಮಾ ಕಂಪನಿಗಳಲ್ಲಿ ಗುಂಪು ಅಪಘಾತ ವಿಮೆ ವಿಚಾರಿಸಿ. ‘ಡಿಕ್ಕಿ ಹೊಡೆಯುವ ಕ್ರೀಡೆಯಲ್ಲಿ ಆದ ಗಾಯ ಇದರಲ್ಲಿ ಸೇರುತ್ತದೆಯೇ?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಏಜೆಂಟರ ‘ಆಗುತ್ತೆ ಮೇಡಂ’ ನಂಬಿ ಸಹಿ ಹಾಕಬೇಡಿ. ಹದಿನೆಂಟು ತುಂಬದವರಿಗೆ ಹೆತ್ತವರ ಒಪ್ಪಿಗೆ ಪತ್ರ ಬೇಕು. ಹಾಗೆಂದು ಆ ಪತ್ರ ಸಿಕ್ಕ ಕೂಡಲೇ ನಿಮ್ಮ ಹೊಣೆ ತೀರಿತು ಅಂದುಕೊಳ್ಳುವಂತಿಲ್ಲ. ಅಜಾಗರೂಕತೆಯಿಂದ ಆದ ಗಾಯಕ್ಕೆ ಯಾವ ಕಾಗದವೂ ಕಾವಲಲ್ಲ.

ಬಿರುಕು ಬಿಟ್ಟ ಮಣಿಕಟ್ಟಿನ ವಿಷಯ. ಆ ದಿನ ಅವಳು ರಿಸ್ಟ್ ಗಾರ್ಡ್ ಹಾಕಿದ್ದಳೇ? ನನ್ನ ಊಹೆ, ಇಲ್ಲ. ಹೆಲ್ಮೆಟ್, ಮೌತ್‌ಗಾರ್ಡ್, ಮೊಣಕೈ, ಮಣಿಕಟ್ಟು ಮತ್ತು ಮೊಣಕಾಲಿನ ಕವಚ, ಈ ಐದರಲ್ಲಿ ಒಂದಿಲ್ಲದಿದ್ದರೂ ಆ ದಿನ ಚಕ್ರ ಇಲ್ಲ. ಗೆಳತಿಯಾಗಲಿ, ಮುಖಂಡರ ಮಗಳಾಗಲಿ, ನೀವೇ ಆಗಲಿ. ಹತ್ತೊಂಬತ್ತು ಸೆಟ್ ಕೊಳ್ಳಲು ದುಡ್ಡಿಲ್ಲದಿದ್ದರೆ ಎಂಟು ಸೆಟ್ ಕೊಂಡು ಪಾಳಿಯಲ್ಲಿ ಆಡಿ. ಗಾತ್ರ ಹೊಂದಿಸುವ ಸ್ಟೀಲ್ ತಳದ ಮಕ್ಕಳ ಸ್ಕೇಟು ಈ ಆಟಕ್ಕೆ ಸಲ್ಲ, ಇನ್‌ಲೈನ್ ಕೂಡ ಬೇಡ. ಎರಡು ಮುಂದೆ ಎರಡು ಹಿಂದೆ ಚಕ್ರವಿರುವ, ಮುಂದೆ ಟೋ ಸ್ಟಾಪ್ ಇರುವ ಕ್ವಾಡ್ ಬೇಕು. ಮೊದಲ ತಿಂಗಳುಗಳಲ್ಲಿ ಡಿಕ್ಕಿ ಇಲ್ಲವೇ ಇಲ್ಲ. ಮೊಣಕಾಲೂರಿ ಬೀಳುವುದು, ಬೆರಳು ಮಡಚಿಕೊಂಡು ಬೀಳುವುದು, ಬಿದ್ದವಳು ಕೂಡಲೇ ಏಳುವುದು, ನಿಲ್ಲುವುದು, ಇಷ್ಟೇ. ಐದು ನಿಮಿಷದಲ್ಲಿ 27 ಸುತ್ತು ಹೊಡೆಯಬೇಕು ಎಂಬ ಪರೀಕ್ಷೆ ಎಷ್ಟೋ ಲೀಗುಗಳಲ್ಲಿ ಇತ್ತು. ನಿಮಗೆ ಸದ್ಯ ಅದು ಬೇಡ, ನಿಲ್ಲಲು ಬಾರದವರಿಗೆ ವೇಗ ಕಲಿಸುವುದು ಅಪಾಯ. ತಲೆಗೆ ಪೆಟ್ಟು ಬಿದ್ದವಳು ‘ಏನಿಲ್ಲ ಅಕ್ಕ’ ಎಂದು ನಕ್ಕರೂ ಆ ದಿನ ಮತ್ತೆ ಟ್ರ್ಯಾಕ್‌ಗೆ ಇಳಿಯಬಾರದು, ವೈದ್ಯರು ಹೇಳುವ ತನಕ ಅಭ್ಯಾಸಕ್ಕೂ ಬರಬಾರದು. ಇದರಲ್ಲಿ ದಾಕ್ಷಿಣ್ಯ ಮಾಡಬೇಡಿ.

ಇನ್ನು ಅಮ್ಮಂದಿರು. ಅವರಿಗೆ ಈ ಆಟ ಕಂಡಿರುವುದು ಫೋನಿನಲ್ಲಿ, ಹುಡುಗಿಯರು ಒಬ್ಬರಿಗೊಬ್ಬರು ಗುದ್ದಿ ಬೀಳುವ ಅರ್ಧ ನಿಮಿಷ. ಹೆದರದೆ ಇನ್ನೇನು? ಕಬಡ್ಡಿ ಗೊತ್ತಿಲ್ಲದ ಮನೆ ನಿಮ್ಮ ನಾಲ್ಕೂ ಊರಿನಲ್ಲಿ ಇರಲಾರದು, ಅಲ್ಲಿಂದ ಶುರುಮಾಡಿ. ಹೆಲ್ಮೆಟ್ ಮೇಲೆ ನಕ್ಷತ್ರ ಇರುವವಳು ಜ್ಯಾಮರ್, ಅವಳೇ ರೈಡರ್. ಎದುರು ತಂಡದ ನಾಲ್ವರು ಬ್ಲಾಕರುಗಳು ಅವಳನ್ನು ತಡೆಯುತ್ತಾರೆ. ಮೊದಲ ಸಲ ಗುಂಪನ್ನು ದಾಟಿ ಬಂದಮೇಲೆ, ಮುಂದಿನ ಸುತ್ತುಗಳಲ್ಲಿ ದಾಟಿದ ಒಬ್ಬೊಬ್ಬ ಎದುರಾಳಿಗೆ ಒಂದೊಂದು ಅಂಕ. ವ್ಯತ್ಯಾಸವೆಂದರೆ ಇಲ್ಲಿ ಎರಡೂ ತಂಡದ ರೈಡರುಗಳು ಒಂದೇ ಹೊತ್ತಿಗೆ ಓಡುತ್ತಾರೆ, ಉಸಿರು ಕಟ್ಟುವ ಬದಲು ಗಡಿಯಾರವಿದೆ. ಓಟದ ಒಂದು ಸರದಿ, ಅಂದರೆ ಒಂದು ಜ್ಯಾಮ್, ಹೆಚ್ಚೆಂದರೆ ಎರಡು ನಿಮಿಷ, ನಡುವೆ 30 ಸೆಕೆಂಡು ಬಿಡುವು, ಅರ್ಧ ಗಂಟೆಯ ಎರಡು ಅವಧಿ. ತಲೆಗೆ, ಬೆನ್ನಿಗೆ ಹೊಡೆಯುವಂತಿಲ್ಲ, ಮೊಣಕೈ ಬೀಸುವಂತಿಲ್ಲ, ಕಾಲು ಕೊಟ್ಟು ಬೀಳಿಸುವಂತಿಲ್ಲ. ತಪ್ಪಿದರೆ 30 ಸೆಕೆಂಡು ಪೆನಾಲ್ಟಿ ಪೆಟ್ಟಿಗೆ, ಏಳು ಸಲ ತಪ್ಪಿದರೆ ಆಟದಿಂದಲೇ ಹೊರಗೆ. ನಮ್ಮ ಎಷ್ಟೋ ಹಳ್ಳಿ ಟೂರ್ನಮೆಂಟುಗಳಿಗಿಂತ ಇದರಲ್ಲಿ ಶಿಸ್ತು ಹೆಚ್ಚು. ಕಬಡ್ಡಿ ಆಡಿದ ಕಾರ್ಕಳದ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ‘ಗುದ್ದಾಡುವ ಆಟ ಹೆಣ್ಣುಮಕ್ಕಳಿಗೆ ಸಲ್ಲದು’ ಎಂಬ ಮಾತಿಗೆ ಕರ್ನಾಟಕದಲ್ಲೇ ಉತ್ತರ ಇದೆ.

ಮಾತಿಗಿಂತ ಕೆಲಸ ಕೊಡುವುದು ಮೇಲು. ಪೂರ್ತಿ ಪಂದ್ಯಕ್ಕೆ ಚಕ್ರ ಕಟ್ಟಿದ ರೆಫರಿಗಳೇ ಏಳು ಜನರವರೆಗೆ ಬೇಕು. ಅದಲ್ಲದೆ ಜ್ಯಾಮ್ ಗಡಿಯಾರ ಹಿಡಿಯುವವರು, ಅಂಕ ಬರೆಯುವವರು, ಪೆನಾಲ್ಟಿ ಪೆಟ್ಟಿಗೆ ಕಾಯುವವರು ಎಂದು ನೆಲದ ಮೇಲೆ ನಿಂತು ದುಡಿಯುವವರ ದೊಡ್ಡ ಪಡೆಯೇ ಬೇಕು. ನಿಮ್ಮ ಅಮ್ಮನಿಗೆ ಒಂದು ಸ್ಟಾಪ್‌ವಾಚ್ ಕೊಡಿ. ರೇಷ್ಮೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಪೈಸೆ ಬಿಡದವರ ಮನೆಯಲ್ಲಿ 30 ಸೆಕೆಂಡು ಯಾರಿಗೂ 29 ಆಗುವುದಿಲ್ಲ. ಅಂಚಿನಲ್ಲಿ ನಿಂತು ಬೈಯುವವರು ಒಳಗೆ ಕೂತು ಲೆಕ್ಕ ಇಟ್ಟರೆ ಅಲ್ಲೂ ಬೈಯುತ್ತಾರೆ, ಆದರೆ ನಿಮ್ಮನ್ನಲ್ಲ, ರೆಫರಿಯನ್ನು.

ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಸ್ಕೇಟ್‌ಬೋರ್ಡ್ ಪಾರ್ಕ್ ಕಟ್ಟಿದಾಗ ಎರಡೇ ನಿಯಮ ಇಟ್ಟರು: ಶಾಲೆಗೆ ಹೋಗದವರಿಗೆ ಬೋರ್ಡ್ ಇಲ್ಲ, ಹುಡುಗಿಯರಿಗೆ ಮೊದಲ ಸರದಿ. ಅಲ್ಲಿನ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದಳು. ಹೆತ್ತವರನ್ನು ಒಲಿಸಿಕೊಳ್ಳುವಲ್ಲಿ ಆ ಮೊದಲ ನಿಯಮ ತುಂಬ ಜಾಣತನದ್ದು. ನೀವೂ ಅಂಥದ್ದೊಂದು ಇಡಿ: ಪರೀಕ್ಷೆಗೆ ಹದಿನೈದು ದಿನ ಮುಂಚೆಯಿಂದ ಅಭ್ಯಾಸ ಬಂದ್, ಕೊನೆ ಬಸ್ಸಿಗೆ ಒಂದು ಗಂಟೆ ಮುಂಚೆ ಚಕ್ರ ಬಿಚ್ಚಬೇಕು.

ನೆಲದ ಮಾತು. ಪೂರ್ತಿ ಟ್ರ್ಯಾಕಿಗೆ ಸುತ್ತಲಿನ ಸುರಕ್ಷತಾ ಜಾಗವೂ ಸೇರಿ ಸುಮಾರು 108 ಅಡಿ ಉದ್ದ, 75 ಅಡಿ ಅಗಲ ಬೇಕು. ಚಿಕ್ಕಬಳ್ಳಾಪುರದ ಸರ್ ಎಂ.ವಿ. ಕ್ರೀಡಾಂಗಣ, ನಿಮ್ಮೂರಿನ ನೆಹರು ಕ್ರೀಡಾಂಗಣ, ಚಿಂತಾಮಣಿಯ ಝಾನ್ಸಿ ಕ್ರೀಡಾಂಗಣ ನೆನಪಿಗೆ ಬಂದಿರಬಹುದು. ಆದರೆ ಮಣ್ಣಿನ ಅಂಕಣದಲ್ಲಿ ಚಕ್ರ ಓಡುವುದಿಲ್ಲ. ಅಭ್ಯಾಸಕ್ಕೆ ಕಾಲೇಜಿನ ಕಾಂಕ್ರೀಟ್ ಬ್ಯಾಸ್ಕೆಟ್‌ಬಾಲ್ ಅಂಕಣ ಸಾಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಕಲ್ಯಾಣ ಮಂಟಪಗಳು ಬಿಕೋ ಎನ್ನುತ್ತವೆ. ಮಾಲೀಕರು ಆಗ ಬಾಡಿಗೆ ಇಳಿಸುತ್ತಾರೆ, ಗೆರೆ ಎಳೆದರೆ ಗೊಣಗುವುದಿಲ್ಲ. ಪಾಲಿಷ್ ಕಲ್ಲು ಜಾರುತ್ತದೆ, ಮೆತ್ತನೆಯ ಚಕ್ರ ಹಾಕಿ. ಕಂಬಗಳಿಗೆ ಹಳೆ ಹಾಸಿಗೆ ಸುತ್ತಿ. ಗೆರೆಗೆ ತೆಳು ಹಗ್ಗ ಹಾಸಿ ಮೇಲೆ ಟೇಪ್ ಅಂಟಿಸಿದರೆ ಅಂಚು ಕಾಲಿಗೇ ಗೊತ್ತಾಗುತ್ತದೆ, ದೊಡ್ಡ ಲೀಗುಗಳೂ ಮಾಡುವುದು ಹಾಗೆಯೇ.

ನಾಲ್ಕು ಊರಿಗೆ ನಾಲ್ಕು ತಂಡ ಎಂಬುದನ್ನು ಸದ್ಯಕ್ಕೆ ಕೈಬಿಡಿ. ಒಂದು ತಂಡದ ಪಟ್ಟಿ 15 ಜನರವರೆಗೆ ಇರುತ್ತದೆ, ನಿಮ್ಮಲ್ಲಿ ಒಟ್ಟು ಹತ್ತೊಂಬತ್ತು. ಒಂದೇ ಲೀಗ್, ಚೀಟಿ ಎತ್ತಿ ಎರಡು ತಂಡ, ಪ್ರತಿ ತಂಡದಲ್ಲೂ ನಾಲ್ಕು ಊರಿನವರು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಒಂದೇ ರೈಲು ದಾರಿಯಲ್ಲಿವೆ. ಗೌರಿಬಿದನೂರಿನವರು ಮಾತ್ರ ಮಂಚೇನಹಳ್ಳಿ ಕಡೆಯಿಂದ ಬಸ್ಸು ಹಿಡಿದು ಬರಬೇಕು. ಅವರ ಬಸ್ ಚಾರ್ಜನ್ನು ಸಂಘ ಕೊಡಲಿ, ಇಲ್ಲವಾದರೆ ಮೂರನೇ ತಿಂಗಳಿಗೆ ಅವರು ಬರುವುದು ನಿಲ್ಲುತ್ತದೆ. ದಸರೆಯೂ ಬೇಡ. ಮುಂದಿನ ಬೇಸಿಗೆಗೆ ಒಂದು ಪ್ರದರ್ಶನ ಪಂದ್ಯ ಆದರೆ ಅದೇ ದೊಡ್ಡದು. ಭಾರತೀಯ ರೋಲರ್ ಸ್ಕೇಟಿಂಗ್ ಫೆಡರೇಷನ್ನಿನ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ರೋಲರ್ ಡರ್ಬಿಯೂ ಒಂದು ವಿಭಾಗ. ರಾಜ್ಯ ಸಂಸ್ಥೆಯ ಜೊತೆ ಸಂಪರ್ಕ ಈಗಿನಿಂದಲೇ ಇರಲಿ, ಚಿಕ್ಕವರಿಗೆ ಮುಂದೆ ದಾರಿ ಬೇಕಾಗುತ್ತದೆ.

ಡರ್ಬಿಯಲ್ಲಿ ಆಟಗಾರ್ತಿಯರು ತಮಾಷೆಯ ಅಡ್ಡಹೆಸರಿಟ್ಟುಕೊಂಡು ಆಡುವ ರೂಢಿ ಇದೆ. ನಮ್ಮಂಥ ಊರಿನಲ್ಲಿ ಅದು ಅನುಕೂಲವೇ, ವಾಟ್ಸ್ಯಾಪಿನಲ್ಲಿ ಫೋಟೊ ಹರಿದಾಡಿದರೂ ಹೆಸರು ಹರಿದಾಡುವುದಿಲ್ಲ. ಆದರೆ ಮನೆಯವರಿಗೆ ಹೇಳದೆ ಬರುವ ಹುಡುಗಿಗೆ ಅಡ್ಡಹೆಸರಿನ ಮರೆ ಕೊಡಬೇಡಿ. ಮೊದಲ ಗಾಯಕ್ಕೇ ಎಲ್ಲ ಬಯಲಾಗುತ್ತದೆ.

ಮುಖಂಡರಿಗೆ ನಮಸ್ಕಾರ ಹೇಳಿ, ಎಂಟು ಹೆಲ್ಮೆಟ್ ಕೊಡಿಸಲು ಕೇಳಿ, ಸಂಘದ ರಸೀದಿ ಕೊಡಿ. ಫೋಟೊ ಬೇಡ. ಚುನಾವಣೆ ಬಂದಾಗ ಇನ್ನೊಬ್ಬರ ಫೋಟೊ ಕೇಳಿಬರುತ್ತದೆ, ಆಗ ಹುಡುಗಿಯರ ಮನೆಗಳೇ ಎರಡು ಪಕ್ಷವಾಗುತ್ತವೆ.

ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಒಂದು ತಿಂಗಳು ಅಭ್ಯಾಸ ನಿಲ್ಲಿಸಿ, ಆಟ ಬಿಡಬೇಡಿ. ಆ ತಿಂಗಳಲ್ಲಿ ಸಭೆ ಕರೆದು ಮೇಲಿನ ಹೊಣೆಗಳನ್ನು ಹೆಸರು ಹಿಡಿದು ಹಂಚಿ. ಯಾರೂ ಕೈ ಎತ್ತದಿದ್ದರೆ, ನಿಮ್ಮ ಹತ್ತಿರ ಇದ್ದದ್ದು ಲೀಗ್ ಅಲ್ಲ, ಹದಿನೆಂಟು ಜನ ವಿದ್ಯಾರ್ಥಿಗಳು ಎಂದಾಯಿತು. ಆಗ ನಿಲ್ಲಿಸಿದರೂ ನಾಚಿಕೆಪಡಬೇಕಾಗಿಲ್ಲ. ಆರು ಕೈ ಮೇಲೆದ್ದರೂ ಮುಂದುವರಿಯಿರಿ.

ಗೆಳತಿಯ ವಿಷಯ. ಆಕೆ ಕೇಳುತ್ತಿರುವುದು ತಪ್ಪಲ್ಲ, ಆಕೆಗೂ ಸಂಪಾದನೆ ಬೇಕು. ಮಕ್ಕಳಿಗೆ ಸ್ಕೇಟಿಂಗ್ ಕ್ಲಾಸ್ ನಡೆಸಲಿ, ಫೀಸು ತೆಗೆದುಕೊಳ್ಳಲಿ, ತನ್ನ ಹೆಸರಿನಲ್ಲಿ. ಲೀಗಿನ ಹೆಸರು, ಲೀಗಿನ ಕವಚ ಬಳಸುವುದಾದರೆ ಒಂದು ಪಾಲು ಲೀಗಿನ ಖಾತೆಗೆ ಬರಲಿ. ಒಪ್ಪದಿದ್ದರೆ ಬೇರೆ ಹೋಗಲಿ, ಸ್ನೇಹ ಉಳಿಯಬಹುದು. ಆದರೆ ಯಾವ ಸ್ಕೇಟು ಯಾರ ದುಡ್ಡಿನಲ್ಲಿ ಕೊಂಡದ್ದು ಎಂಬ ಪಟ್ಟಿಯನ್ನು ಈ ವಾರವೇ, ಇಬ್ಬರೂ ಒಟ್ಟಿಗೆ ಕೂತು ಟೀ ಕುಡಿಯುವಷ್ಟು ಸ್ನೇಹ ಇರುವಾಗಲೇ, ಬರೆದು ಇಬ್ಬರೂ ಸಹಿ ಹಾಕಿ.